ವೇಲ್ಸ್‌ನಲ್ಲಿ ಬರೆಯುವವರಿಗೆ ಪ್ರಕಟಣೆ, ಉದ್ಯೋಗ, ತರಬೇತಿ: ಎಲ್ಲಿಂದ ಆರಂಭಿಸಬೇಕು?

ಕಾರ್ಡಿಫ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು. ಕೆಲವು ವರ್ಷಗಳಿಂದ ಕುಟುಂಬದೊಂದಿಗೆ ಕಾರ್ಡಿಫ್‌ನಲ್ಲಿ ನೆಲೆಸಿದ್ದೇನೆ. ಆಸ್ಪತ್ರೆಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಇಂಗ್ಲಿಷಿನಲ್ಲಿ ಸಣ್ಣ ಕಥೆಗಳನ್ನು ಬರೆಯುತ್ತೇನೆ. ಮಗಳನ್ನು ವೆಲ್ಷ್ ಮಾಧ್ಯಮದ ಶಾಲೆಗೆ ಸೇರಿಸಿದ ಮೇಲೆ ನಾನೂ ಆ ಭಾಷೆಯನ್ನು ಕಲಿಯತೊಡಗಿದೆ. ಈಗ ಮಧ್ಯಮ ಹಂತದ ತರಗತಿಯಲ್ಲಿದ್ದೇನೆ. ಪತ್ರಿಕೆಯ ಸಣ್ಣ ಬರಹಗಳನ್ನು ನಿಘಂಟಿನ ನೆರವಿನಿಂದ ಓದಿ ಅರ್ಥ ಮಾಡಿಕೊಳ್ಳಬಲ್ಲೆ.

ಇಲ್ಲಿನ ಲೇಖಕರಿಗಾಗಿ ಅನುದಾನ, ಶಿಬಿರ, ಸ್ಪರ್ಧೆಗಳಿವೆ ಎಂದು ಕೇಳಿದ್ದೇನೆ. ಆದರೆ ಹುಟ್ಟಿನಿಂದ ಇಲ್ಲಿಯವಳಲ್ಲದ ನಾನು ಅವುಗಳಿಗೆ ಅರ್ಜಿ ಹಾಕಬಹುದೇ? ಕಥಾಸಂಕಲನವೊಂದನ್ನು ಪ್ರಕಟಿಸಬೇಕೆಂದರೆ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವ ಲಂಡನ್ನಿನ ಏಜೆಂಟರ ಮೂಲಕವೇ ಹೋಗಬೇಕೇ? ಬರವಣಿಗೆಯನ್ನು ನೆಚ್ಚಿ ಅರೆಕಾಲಿಕವಾಗಿಯಾದರೂ ಒಂದು ಉದ್ಯೋಗ ಸಿಗುವ ಸಾಧ್ಯತೆ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಅಬೆರಿಸ್ಟ್ವಿತ್ ಓದುಗಿ:

ಸ್ವಾಗತ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಧಾರಾಳವಾಗಿ ಹಾಕಬಹುದು. ವೇಲ್ಸ್‌ನ ಬಹುಪಾಲು ಸಾಹಿತ್ಯ ಯೋಜನೆಗಳು ಕೇಳುವುದು ನೀವು ಎಲ್ಲಿ ಹುಟ್ಟಿದಿರಿ ಎಂಬುದನ್ನಲ್ಲ, ಈಗ ಎಲ್ಲಿ ವಾಸಿಸುತ್ತಿದ್ದೀರಿ ಎಂಬುದನ್ನು. ಉದಾಹರಣೆಗೆ, ಸ್ವಾನ್ಸಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆಯುವ ರೀಸ್ ಡೇವಿಸ್ ಸಣ್ಣಕಥಾ ಸ್ಪರ್ಧೆಗೆ ವೇಲ್ಸ್‌ನಲ್ಲಿ ಹುಟ್ಟಿದವರೂ ವಾಸಿಸುವವರೂ ಸಮಾನವಾಗಿ ಅರ್ಹರು. ಕಥೆ ಇಂಗ್ಲಿಷಿನಲ್ಲಿರಬೇಕು, 5,000 ಪದಗಳನ್ನು ಮೀರಬಾರದು, ಹಿಂದೆ ಎಲ್ಲಿಯೂ ಪ್ರಕಟವಾಗಿರಬಾರದು. ಮೊದಲ ಬಹುಮಾನ 1,000 ಪೌಂಡ್. ಆದರೆ ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ಮುಖ್ಯವಾದದ್ದು, ಆಯ್ದ ಕಥೆಗಳನ್ನು ಪಾರ್ಥಿಯನ್ ಪ್ರಕಾಶನ ಸಂಕಲನವಾಗಿ ಹೊರತರುತ್ತದೆ ಎಂಬುದು. ಒಂದು ಪುಸ್ತಕದ ಪರಿವಿಡಿಯಲ್ಲಿ ನಿಮ್ಮ ಹೆಸರು ಇದ್ದರೆ ಮುಂದೆ ಪ್ರಕಾಶಕರಿಗೆ ಬರೆಯುವ ಪತ್ರದ ತೂಕವೇ ಬೇರೆಯಾಗುತ್ತದೆ.

ಹೊರಗಿನವಳೆಂಬ ಅಳುಕು ನಿಮಗೆ ಬೇಡ. 2022ರಲ್ಲಿ ವೇಲ್ಸ್‌ನ ರಾಷ್ಟ್ರಕವಿಯಾಗಿ ನೇಮಕಗೊಂಡ ಹನಾನ್ ಇಸಾ ಅವರು ನಿಮ್ಮದೇ ಕಾರ್ಡಿಫ್‌ನವರು, ವೆಲ್ಷ್ ಮತ್ತು ಇರಾಕಿ ಮನೆತನಗಳ ಮಗಳು, ಆ ಸ್ಥಾನಕ್ಕೆ ಬಂದ ಮೊದಲ ಮುಸ್ಲಿಂ ಕವಯಿತ್ರಿ. ಆ ಹುದ್ದೆಯನ್ನು ನಿರ್ವಹಿಸುವ ಲಿಟರೇಚರ್ ವೇಲ್ಸ್ ಎಂಬ ಸಂಸ್ಥೆಯೇ ನೀವು ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು. ಅದು 2021ರಲ್ಲಿ ‘ರೆಪ್ರೆಸೆಂಟಿಂಗ್ ವೇಲ್ಸ್’ ಎಂಬ ಹನ್ನೆರಡು ತಿಂಗಳ ಕಾರ್ಯಕ್ರಮವನ್ನು ಆರಂಭಿಸಿತು. ಸಾಹಿತ್ಯ ವಲಯದಲ್ಲಿ ಸಾಕಷ್ಟು ಪ್ರಾತಿನಿಧ್ಯ ಸಿಗದ ಸಮುದಾಯಗಳ ಲೇಖಕರಿಗೆ ಧನಸಹಾಯ, ಒಬ್ಬ ಅನುಭವಿ ಲೇಖಕರ ಮಾರ್ಗದರ್ಶನ, ತರಬೇತಿ ಎಲ್ಲವನ್ನೂ ಒಟ್ಟಿಗೆ ಕೊಡುವ ಯೋಜನೆ ಇದು. ಮೊದಲ ವರ್ಷ ಅದು ಬಿಳಿಯರಲ್ಲದ ಲೇಖಕರಿಗೆ ಮೀಸಲಾಗಿತ್ತು, ಮರುವರ್ಷ ಕಡಿಮೆ ಆದಾಯದ ಹಿನ್ನೆಲೆಯವರಿಗೆ. ಗಮನ ಯಾರ ಮೇಲೆ ಎಂಬುದು ಬದಲಾಗುತ್ತಿರುವುದರಿಂದ ಪ್ರತಿ ಸಲದ ಪ್ರಕಟಣೆಯನ್ನು ಪೂರ್ತಿ ಓದಬೇಕು. ಅವರ ಜಾಲತಾಣದಲ್ಲಿ ಲೇಖಕರಿಗಿರುವ ಅವಕಾಶಗಳದ್ದೇ ಪ್ರತ್ಯೇಕ ಪುಟವಿದೆ, ಇಮೇಲ್ ಸುದ್ದಿಪತ್ರವೂ ಇದೆ. ಇಂದೇ ಅದಕ್ಕೆ ಹೆಸರು ನೋಂದಾಯಿಸಿ.

ಅದೇ ಸಂಸ್ಥೆ ನಡೆಸುವ ಟೀ ನೆವಿದ್ ಬರವಣಿಗೆ ಕೇಂದ್ರ ಉತ್ತರ ವೇಲ್ಸ್‌ನಲ್ಲಿದೆ, ಕ್ರಿಕಿಯೆತ್ ಪಟ್ಟಣದ ಸಮೀಪ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಲಾಯ್ಡ್ ಜಾರ್ಜ್ ತಮ್ಮ ಕೊನೆಯ ದಿನಗಳನ್ನು ಕಳೆದ ಮನೆ ಅದು. 1945ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. 1990ರಿಂದ ಅಲ್ಲಿ ವಸತಿ ಶಿಬಿರಗಳು ನಡೆಯುತ್ತಿವೆ. ಇಬ್ಬರು ಲೇಖಕರು ಕಲಿಸುತ್ತಾರೆ, ಗುಂಪು ಚಿಕ್ಕದಾಗಿರುತ್ತದೆ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕುಳಿತು ಅಭ್ಯಾಸ ಮಾಡಿದರೆ ಮಧ್ಯಾಹ್ನದ ಹೊತ್ತು ನಿಮ್ಮ ಬರಹವನ್ನು ಎದುರಿಗಿಟ್ಟುಕೊಂಡು ಅವರು ಪ್ರತ್ಯೇಕವಾಗಿ ಮಾತನಾಡುತ್ತಾರೆ. ನಾನು ಹೋದಾಗ ಕಾರ್ಡಿಗನ್ ಕೊಲ್ಲಿಯ ಕಡೆಗೆ ತೆರೆದುಕೊಂಡ ಗ್ರಂಥಾಲಯದ ದೊಡ್ಡ ಕಿಟಕಿಯ ಬಳಿ ಆ ಮಾತು ನಡೆಯಿತು. ನನ್ನ ಕಥೆಯ ಮೊದಲ ಎರಡು ಪುಟಗಳನ್ನು ಪಕ್ಕಕ್ಕಿಟ್ಟು ಮೂರನೆಯ ಪುಟದ ಒಂದು ಸಂಭಾಷಣೆಯನ್ನು ತೋರಿಸಿ, ‘ಇಲ್ಲಿಂದ ಓದಿ ನೋಡಿ’ ಎಂದರು. ಆ ಕಥೆ ಈಗಲೂ ಅಲ್ಲಿಂದಲೇ ಶುರುವಾಗುತ್ತದೆ. ಶುಲ್ಕ ಕಡಿಮೆಯೇನಲ್ಲ. ಆದರೆ ವಿದ್ಯಾರ್ಥಿವೇತನಗಳಿವೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ಪುಸ್ತಕ ವ್ಯಾಪಾರಿ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ವೇಲ್ಸ್‌ನಲ್ಲಿ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡುತ್ತಿರುವುದರಿಂದ ಇಲ್ಲಿನ ಪ್ರಕಾಶಕರನ್ನು ಹತ್ತಿರದಿಂದ ಕಂಡಿದ್ದೇನೆ.

ಏಜೆಂಟರು ಬೇಕಾಗಿಲ್ಲ. ಇಲ್ಲಿನ ಪ್ರಕಾಶನಗಳು ಚಿಕ್ಕವು. ಲೇಖಕರು ನೇರವಾಗಿ ಕಳುಹಿಸಿದ ಹಸ್ತಪ್ರತಿಯನ್ನು ಅವುಗಳಲ್ಲಿ ಬಹಳಷ್ಟು ಓದುತ್ತವೆ, ಕೆಲವು ಮಾತ್ರ ವರ್ಷದ ನಿಗದಿತ ಅವಧಿಯಲ್ಲಿ. 1993ರಲ್ಲಿ ಆರಂಭವಾದ ಪಾರ್ಥಿಯನ್, 1981ರಿಂದ ಕವಿತೆ ಮತ್ತು ಕಥನಸಾಹಿತ್ಯವನ್ನು ಪ್ರಕಟಿಸುತ್ತಿರುವ ಬ್ರಿಜೆಂಡ್‌ನ ಸೆರೆನ್, ಮಕ್ಕಳ ಪುಸ್ತಕಗಳ ಫೈರ್‌ಫ್ಲೈ, ಇವೆಲ್ಲ ಇಂಗ್ಲಿಷಿನಲ್ಲಿ ಬರೆಯುವವರಿಗೆ ಸಂಬಂಧಿಸಿದವು. ನೀವು ಮಹಿಳೆಯಾದ್ದರಿಂದ ಹೊನ್ನೊ ಪ್ರಕಾಶನದ ಹೆಸರನ್ನು ಒತ್ತಿ ಹೇಳುತ್ತೇನೆ. ವೇಲ್ಸ್‌ನ ಮಹಿಳೆಯರ ಬರಹಕ್ಕಾಗಿಯೇ 1986ರಲ್ಲಿ ಹುಟ್ಟಿದ ಸಂಸ್ಥೆ ಅದು, ಸಹಕಾರಿ ತತ್ವದ ಮೇಲೆ ನಡೆಯುತ್ತಿದೆ, ಮರೆತುಹೋಗಿದ್ದ ಎಷ್ಟೋ ಲೇಖಕಿಯರ ಕೃತಿಗಳನ್ನು ಮರುಮುದ್ರಿಸಿದೆ. ವೆಲ್ಷ್ ಭಾಷೆಯ ಪುಸ್ತಕಗಳಿಗೆ ಟಾಲಿಬಾಂಟ್ ಹಳ್ಳಿಯ ಅ ಲೋಲ್ವ, ಲಾನ್‌ರೂಸ್ಟ್‌ನ ಗ್ವಾಸ್ಗ್ ಕಾರೆಗ್ ಗ್ವಾಲ್ಖ್ ಮುಂತಾದವು ಇವೆ.

ಈ ಪ್ರಕಾಶಕರ ಬೆನ್ನಿಗಿರುವುದು ಅಬೆರಿಸ್ಟ್ವಿತ್‌ನ ಬುಕ್ಸ್ ಕೌನ್ಸಿಲ್ ಆಫ್ ವೇಲ್ಸ್. 1961ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಪ್ರಕಾಶಕರಿಗೆ ಅನುದಾನ ಕೊಡುತ್ತದೆ, ಸಂಪಾದನೆ ಮತ್ತು ವಿನ್ಯಾಸದಲ್ಲಿ ನೆರವಾಗುತ್ತದೆ, ತನ್ನದೇ ಉಗ್ರಾಣದಿಂದ ನಮ್ಮಂತಹ ಅಂಗಡಿಗಳಿಗೆ ಪುಸ್ತಕಗಳನ್ನು ತಲುಪಿಸುತ್ತದೆ. ಕರ್ನಾಟಕದಲ್ಲಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ತಡವಾದರೆ ಪ್ರಕಾಶಕರು ಎಷ್ಟು ಕಂಗೆಡುತ್ತಾರೆ ಎಂಬುದನ್ನು ಬಲ್ಲವರಿಗೆ ಇಲ್ಲಿನ ಪ್ರಕಾಶಕರು ಈ ಒಂದು ಸಂಸ್ಥೆಯನ್ನು ಎಷ್ಟು ನೆಚ್ಚಿಕೊಂಡಿದ್ದಾರೆ ಎಂದು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಹಣ ಅಚ್ಚಾದ ಪ್ರತಿಗಳನ್ನು ಕೊಳ್ಳುವುದಕ್ಕಲ್ಲ, ಪುಸ್ತಕವನ್ನು ರೂಪಿಸುವ ಹಂತಕ್ಕೇ ಬರುತ್ತದೆ. ಲೇಖಕರಿಗೆ ಸಿಗುವ ಮುಂಗಡವೂ ಎಷ್ಟೋ ಬಾರಿ ಆ ಅನುದಾನದಿಂದಲೇ ಹುಟ್ಟಿದ್ದು.

ಆ ಹಣ ಕಡಿಮೆಯಾದಾಗ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 1970ರಲ್ಲಿ ಆರಂಭವಾದ ಪ್ಲಾನೆಟ್ ಮತ್ತು 1988ರ ನ್ಯೂ ವೆಲ್ಷ್ ರಿವ್ಯೂ, ಈ ಎರಡೂ ಇಂಗ್ಲಿಷ್ ನಿಯತಕಾಲಿಕಗಳು 2024ರಲ್ಲಿ ಅನುದಾನ ಕಳೆದುಕೊಂಡು ಪ್ರಕಟಣೆಯನ್ನು ನಿಲ್ಲಿಸಬೇಕಾಯಿತು. ಇದು ನನಗೆ ಇಂದಿಗೂ ನೋವಿನ ಸಂಗತಿ, ಏಕೆಂದರೆ ಹೊಸ ಕಥೆಗಾರರ ಮೊದಲ ಕಥೆ ಅಚ್ಚಾಗುತ್ತಿದ್ದದ್ದು ಇಂತಹ ಪುಟಗಳಲ್ಲಿಯೇ. ಹಳೆಯ ಮಾರ್ಗದರ್ಶಿ ಪಟ್ಟಿಗಳಲ್ಲಿ ಈ ಹೆಸರುಗಳು ಇನ್ನೂ ಕಾಣಸಿಗುತ್ತವೆ, ನಂಬಿ ಕಳುಹಿಸಬೇಡಿ. 2025ರಲ್ಲಿ ಫೋಲ್ಡಿಂಗ್ ರಾಕ್ ಎಂಬ ಹೊಸ ನಿಯತಕಾಲಿಕ ಹೊರಬಂದಿದೆ, ವೇಲ್ಸ್‌ನ ಮತ್ತು ವೇಲ್ಸ್‌ಗೆ ಸಂಬಂಧಿಸಿದ ಲೇಖಕರ ಕಥೆ, ಪ್ರಬಂಧಗಳಿಗೆ ಅದರಲ್ಲಿ ಜಾಗವಿದೆ. ಕವಿತೆಗಾದರೆ 1965ರಿಂದ ನಡೆದುಬಂದ ಪೊಯೆಟ್ರಿ ವೇಲ್ಸ್ ಇದೆ. ಮೊದಲು ಬಿಡಿ ಕಥೆಗಳು ಎರಡು ಮೂರು ಕಡೆ ಪ್ರಕಟವಾಗಲಿ, ಆಮೇಲೆ ಸಂಕಲನವನ್ನು ಕಳುಹಿಸಿ ಎಂಬುದು ನನ್ನ ಸಲಹೆ.

ಕಾರ್ಡಿಫ್ ನಿವಾಸಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ. ಅಂತರ್ಜಾಲದಲ್ಲಿ ಪರಿಚಯವಾದ ಒಂದು ಪ್ರಕಾಶನ ಸಂಸ್ಥೆ ನನ್ನ ಸಂಕಲನವನ್ನು ಬಹಳ ಮೆಚ್ಚಿಕೊಂಡಿರುವುದಾಗಿ ಬರೆದು, ಮುದ್ರಣ ಮತ್ತು ಪ್ರಚಾರದ ವೆಚ್ಚದಲ್ಲಿ ಪಾಲು ಕೊಡಬೇಕೆಂದು ಕೇಳಿದೆ. ಒಪ್ಪಂದದ ಕರಡನ್ನೂ ಕಳುಹಿಸಿದ್ದಾರೆ. ಇದು ಇಲ್ಲಿ ರೂಢಿಯೇ?

ಪುಸ್ತಕ ವ್ಯಾಪಾರಿ:

ಸಹಿ ಹಾಕಬೇಡಿ. ಹಣ ಪ್ರಕಾಶಕರಿಂದ ಲೇಖಕರಿಗೆ ಬರಬೇಕೇ ಹೊರತು ಲೇಖಕರಿಂದ ಪ್ರಕಾಶಕರಿಗೆ ಹೋಗಬಾರದು. ಅಂತಹ ಸಂಸ್ಥೆಗಳ ಪುಸ್ತಕಗಳನ್ನು ಹಿಡಿದುಕೊಂಡು ಲೇಖಕರೇ ನಮ್ಮ ಅಂಗಡಿಗೆ ಬರುತ್ತಾರೆ. ಪುಸ್ತಕಕ್ಕೆ ವಿತರಕರಿರುವುದಿಲ್ಲ, ಸಂಪಾದಕರು ಕೈಯಾಡಿಸಿದ ಗುರುತೂ ಇರುವುದಿಲ್ಲ. ಅವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುವಾಗ ನನಗೆ ಬಹಳ ಕಷ್ಟವಾಗುತ್ತದೆ. ಸ್ವಂತ ಖರ್ಚಿನಲ್ಲಿ, ಎಲ್ಲ ಹಕ್ಕುಗಳನ್ನೂ ತಾವೇ ಇಟ್ಟುಕೊಂಡು ತಿಳಿದೇ ಪ್ರಕಟಿಸಿಕೊಳ್ಳುವುದು ಗೌರವದ ದಾರಿ, ಅದು ಬೇರೆ ಮಾತು.

ಅಬೆರಿಸ್ಟ್ವಿತ್ ಓದುಗಿ:

ಇದಕ್ಕೊಂದು ಸೇರಿಸುತ್ತೇನೆ. ಸೊಸೈಟಿ ಆಫ್ ಆಥರ್ಸ್ ಎಂಬ ಲೇಖಕರ ಸಂಘ ತನ್ನ ಸದಸ್ಯರ ಒಪ್ಪಂದಗಳನ್ನು ಪರಿಶೀಲಿಸಿ ಕಲಮು ಕಲಮಿಗೆ ಸಲಹೆ ಕೊಡುತ್ತದೆ. ಪುಸ್ತಕಕ್ಕೆ ಒಪ್ಪಂದ ಬಂದವರು ಇನ್ನೂ ಸಹಿ ಮಾಡದಿದ್ದರೂ ಸದಸ್ಯರಾಗಬಹುದು. ಪುಸ್ತಕ ಹೊರಬಂದ ಮೇಲೆ ಎರಡು ಕಡೆ ನೋಂದಾಯಿಸಿಕೊಳ್ಳುವುದನ್ನು ಮರೆಯಬೇಡಿ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಎರವಲು ಹೋದ ಪ್ರತಿ ಬಾರಿಗೂ ಲೇಖಕರಿಗೆ ಕೆಲವು ಪೆನ್ನಿಗಳನ್ನು ಕೊಡುವ ಪಬ್ಲಿಕ್ ಲೆಂಡಿಂಗ್ ರೈಟ್ ಒಂದು. ವರ್ಷಕ್ಕೆ ಒಬ್ಬ ಲೇಖಕರಿಗೆ ಗರಿಷ್ಠ 6,600 ಪೌಂಡ್. ಬರಹದ ನೆರಳಚ್ಚು ಪ್ರತಿಗಳಿಂದ ಬರುವ ಗೌರವಧನವನ್ನು ಹಂಚುವ ಲೇಖಕರ ಸಂಸ್ಥೆ ಎಎಲ್‌ಸಿಎಸ್ ಇನ್ನೊಂದು. ಇದಕ್ಕೆ ನಿಯತಕಾಲಿಕದಲ್ಲಿ ಪ್ರಕಟವಾದ ಬಿಡಿ ಲೇಖನ, ಕಥೆಗಳೂ ಸಲ್ಲುತ್ತವೆ.

ವೆಲ್ಷ್ ಅಧ್ಯಾಪಕ:

ಇಲ್ಲಿಯವರೆಗಿನ ಮಾತೆಲ್ಲ ಇಂಗ್ಲಿಷ್ ಬರವಣಿಗೆಯ ಸುತ್ತಲೇ ನಡೆದಿದೆ. ಆದರೆ ಪ್ರಶ್ನೆ ಕೇಳಿದವರು ಮಧ್ಯಮ ಹಂತದ ವೆಲ್ಷ್ ಕಲಿತಿದ್ದಾರೆ. ಅದು ಅವರ ಕೈಯಲ್ಲಿರುವ ದೊಡ್ಡ ಅನುಕೂಲವೆಂದು ನಾನು ನಂಬುತ್ತೇನೆ. 2021ರ ಜನಗಣತಿಯ ಪ್ರಕಾರ ವೆಲ್ಷ್ ಮಾತನಾಡುವವರು ಸುಮಾರು 5,38,000 ಮಂದಿ, ಮೂರು ವರ್ಷ ಮತ್ತು ಮೇಲ್ಪಟ್ಟ ಜನಸಂಖ್ಯೆಯ ಶೇ. 17.8. ಇಷ್ಟು ಚಿಕ್ಕ ಓದುಗವಲಯದಲ್ಲಿ ಬರೆಯುವವರನ್ನು ಹುಡುಕಿಕೊಂಡು ಬಂದು ಬೆಳೆಸುವ ಏರ್ಪಾಡುಗಳು ಬಹಳ ಹಳೆಯವು, ಬಹಳ ಗಟ್ಟಿಯಾದವು. ದೊಡ್ಡ ಭಾಷೆಗಳ ಹೊಸ ಲೇಖಕರಿಗೆ ಆ ಭಾಗ್ಯವಿಲ್ಲ.

ಅವುಗಳಲ್ಲಿ ಮುಖ್ಯವಾದದ್ದು ಸಾಹಿತ್ಯ, ಸಂಗೀತ ಸ್ಪರ್ಧೆಗಳ ಉತ್ಸವವಾದ ಐಸ್ಟೆದ್‌ವೊಡ್. ರಾಷ್ಟ್ರೀಯ ಐಸ್ಟೆದ್‌ವೊಡ್ ಈಗಿನ ರೂಪದಲ್ಲಿ 1861ರಿಂದ ನಡೆದುಬಂದಿದೆ. ಆಗಸ್ಟ್ ಮೊದಲ ವಾರ, ಒಂದು ವರ್ಷ ಉತ್ತರದಲ್ಲಿ, ಮರುವರ್ಷ ದಕ್ಷಿಣದಲ್ಲಿ. ಸಂಗೀತ, ಕುಣಿತಗಳನ್ನು ನೋಡಲು ಬರುವವರಿಗೆ ಅದು ಜಾತ್ರೆ. ಬರೆಯುವವರಿಗೆ ಅದು ಪರೀಕ್ಷೆ. ಸ್ಪರ್ಧೆಗಳ ವಿಷಯಪಟ್ಟಿ ಬಹಳ ಮೊದಲೇ ಪುಸ್ತಕರೂಪದಲ್ಲಿ ಪ್ರಕಟವಾಗುತ್ತದೆ. ಬರಹಕ್ಕೆ ನೀವು ಒಂದು ಅಂಕಿತನಾಮವನ್ನು ಮಾತ್ರ ಹಾಕುತ್ತೀರಿ. ಹಿಂದಿನಿಂದ ಬಂದ ಪದ್ಧತಿಯೆಂದರೆ ನಿಜವಾದ ಹೆಸರು, ವಿಳಾಸಗಳನ್ನು ಅದೇ ಅಂಕಿತನಾಮವಿರುವ ಮೊಹರು ಮಾಡಿದ ಲಕೋಟೆಯಲ್ಲಿಡುವುದು. ತೀರ್ಪುಗಾರರಿಗೆ ನೀವು ಪ್ರಾಧ್ಯಾಪಕರೋ ಶುಶ್ರೂಷಕಿಯೋ ತಿಳಿಯುವುದಿಲ್ಲ. ಪ್ರಮುಖ ಬಹುಮಾನಗಳ ಸಮಾರಂಭದಲ್ಲಿ ಗೆದ್ದವರ ಅಂಕಿತನಾಮವನ್ನು ವೇದಿಕೆಯಿಂದ ಕೂಗಿ, ಕಹಳೆ ಊದಿದಾಗ ಸಾವಿರಾರು ಮಂದಿಯ ನಡುವೆ ಎಲ್ಲೋ ಒಬ್ಬರು ಎದ್ದು ನಿಲ್ಲುತ್ತಾರೆ. ಆ ಕ್ಷಣದವರೆಗೂ ಸಭೆಗೆ ಅವರು ಯಾರೆಂದು ಗೊತ್ತಿರುವುದಿಲ್ಲ. ತಕ್ಕವರು ಯಾರೂ ಇಲ್ಲವೆಂದು ತೀರ್ಪುಗಾರರಿಗೆ ಅನ್ನಿಸಿದರೆ ಬಹುಮಾನವನ್ನು ತಡೆಹಿಡಿಯುವುದೂ ಉಂಟು.

ಹೊಸಬರಿಗೆ ಇದರಲ್ಲಿರುವ ನಿಜವಾದ ಲಾಭ ಮಾತ್ರ ಬೇರೆ. ತೀರ್ಪುಗಾರರ ಅಭಿಪ್ರಾಯಗಳು ಗೆದ್ದ ಕೃತಿಗಳೊಂದಿಗೆ ಪ್ರತಿವರ್ಷ ಸಂಪುಟವಾಗಿ ಹೊರಬರುತ್ತವೆ. ಗೆದ್ದವರ ಬಗ್ಗೆ ಮಾತ್ರವಲ್ಲ, ಸೋತವರ ಬರಹದ ಬಗ್ಗೆಯೂ ಅಂಕಿತನಾಮ ಹೇಳಿ, ಎಲ್ಲಿ ಎಡವಿದ್ದಾರೆ, ಎಲ್ಲಿ ಭಾಷೆ ಹಿಡಿತಕ್ಕೆ ಸಿಕ್ಕಿದೆ ಎಂದು ಬರೆದಿರುತ್ತಾರೆ. ಹಣ ಕೊಟ್ಟರೂ ಸುಲಭವಾಗಿ ಸಿಗದ ವಿಮರ್ಶೆ ಅದು. ಡೇನಿಯಲ್ ಓವನ್ ಸ್ಮಾರಕ ಬಹುಮಾನ 50,000 ಪದಗಳಿಗೆ ಕಡಿಮೆಯಿಲ್ಲದ ಅಪ್ರಕಟಿತ ಕಾದಂಬರಿಗೆ ಮೀಸಲು, ಮೊತ್ತ 5,000 ಪೌಂಡ್. ಅದು ನಿಮಗೆ ಈಗಲೇ ಅಲ್ಲ. ಭಾಷೆ ಕಲಿಯುತ್ತಿರುವವರಿಗೇ ಪ್ರತ್ಯೇಕ ಗದ್ಯ, ಪದ್ಯ ಸ್ಪರ್ಧೆಗಳಿವೆ, ಅವುಗಳಲ್ಲಿ ಕೆಲವು ಹಂತಕ್ಕೆ ತಕ್ಕಂತೆ ವಿಂಗಡಣೆಯಾಗಿವೆ. ಅಲ್ಲಿಂದ ಆರಂಭಿಸಿ.

ಹಳ್ಳಿ ಪಟ್ಟಣಗಳ ಚಿಕ್ಕ ಐಸ್ಟೆದ್‌ವೊಡ್‌ಗಳಿಗೂ ಹೋಗಿ. ಐದು ಸಾಲಿನ ಹಾಸ್ಯಪದ್ಯವಾದ ಲಿಮರಿಕ್ ಒಂದನ್ನು ಅಪೂರ್ಣವಾಗಿ ಕೊಟ್ಟು ಕೊನೆಯ ಸಾಲನ್ನು ಪೂರೈಸಿ ಎನ್ನುವ ಸ್ಪರ್ಧೆ ಹೆಚ್ಚುಕಡಿಮೆ ಎಲ್ಲೆಡೆ ಇರುತ್ತದೆ. ತೀರ್ಪುಗಾರರು ಬಂದ ಸಾಲುಗಳನ್ನು ಒಂದೊಂದಾಗಿ ಓದುತ್ತಾರೆ, ಸಭೆ ನಗುತ್ತದೆ, ಛಂದಸ್ಸು ತಪ್ಪಿದರೆ ಅಲ್ಲಿಯೇ ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ವೆಲ್ಷ್‌ನಲ್ಲಿ ಮೊದಲು ಬರೆದ ಸಾಲು ಇಂತಹುದೇ ಒಂದು.

ಅಬೆರಿಸ್ಟ್ವಿತ್ ಓದುಗಿ:

ಅಧ್ಯಾಪಕರು ಪಾಪಿರ್ ಬ್ರೋ ಬಗ್ಗೆಯೂ ಬರೆಯಬಹುದೆಂದು ಕಾಯುತ್ತಿದ್ದೆ. ಒಂದು ಊರಿಗೋ ಸುತ್ತಲಿನ ನಾಲ್ಕಾರು ಹಳ್ಳಿಗಳಿಗೋ ಸೀಮಿತವಾದ ವೆಲ್ಷ್ ಮಾಸಿಕಗಳು ಇವು. ಮೊದಲನೆಯದು ಡಿನೆಸಿದ್, 1973ರಲ್ಲಿ ಕಾರ್ಡಿಫ್‌ನಲ್ಲಿಯೇ ಹೊರಟಿತು. ನಡೆಸುವವರೆಲ್ಲ ಸ್ವಯಂಸೇವಕರು. ನಮ್ಮ ಕಡೆಯ ಪತ್ರಿಕೆಯ ಹಾಳೆಗಳು ಅಚ್ಚಾಗಿ ಬಂದ ಸಂಜೆ ಪ್ರಾರ್ಥನಾಮಂದಿರದ ಪಕ್ಕದ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ನಿಂತು ಎಲ್ಲರೂ ಮಡಿಸುತ್ತಿದ್ದೆವು. ನನ್ನ ಮೊದಲ ವೆಲ್ಷ್ ಬರಹ, ದೀಪಾವಳಿಯ ಅಡುಗೆಯ ಬಗ್ಗೆ ಅರ್ಧ ಪುಟ, ಆ ಪತ್ರಿಕೆಯಲ್ಲಿ ಬಂದದ್ದು. ಅಚ್ಚಿಗೆ ಕೊಡುವ ಮೊದಲು ಸಂಪಾದಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಭಾಷೆಯಲ್ಲಿ ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಪದಗಳ ಆದ್ಯಕ್ಷರ ಎಲ್ಲೆಲ್ಲಿ ಬದಲಾಗಬೇಕೆಂದು ಪೆನ್ಸಿಲ್ಲಿನಲ್ಲಿ ತಿದ್ದಿ ತೋರಿಸಿದರು. ಸಂಭಾವನೆ ಏನೂ ಇಲ್ಲ. ಆದರೆ ಮರುವಾರ ಬೇಕರಿಯಲ್ಲಿ ಅಪರಿಚಿತರೊಬ್ಬರು ಒಬ್ಬಟ್ಟಿನ ಹೂರಣಕ್ಕೆ ಯಾವ ಬೇಳೆ ಎಂದು ವೆಲ್ಷ್‌ನಲ್ಲಿ ಕೇಳಿದಾಗ, ಈ ಭಾಷೆಯಲ್ಲಿ ನನಗೂ ಓದುಗರಿದ್ದಾರೆ ಎಂದು ತಿಳಿಯಿತು.

ನ್ಯೂಪೋರ್ಟ್ ಕನ್ನಡಿಗ:

ಇಲ್ಲಿ ನನ್ನ ಭಿನ್ನಾಭಿಪ್ರಾಯವನ್ನು ಗೌರವದಿಂದಲೇ ದಾಖಲಿಸುತ್ತೇನೆ. ಇಂಗ್ಲಿಷಿನಲ್ಲಿ ಈಗಾಗಲೇ ಕೈ ಪಳಗಿರುವವರು ಇನ್ನೊಂದು ಭಾಷೆಯಲ್ಲಿ ಸಾಹಿತ್ಯ ರಚಿಸುವ ಮಟ್ಟಕ್ಕೆ ಬರಲು ವರ್ಷಗಟ್ಟಲೆ ಬೇಕು. ಕೆಲಸ, ಮನೆ, ಮಕ್ಕಳ ನಡುವೆ ಸಿಗುವ ಅಲ್ಪ ಸಮಯವನ್ನು ಎರಡು ಭಾಷೆಗಳಿಗೆ ಹಂಚಿದರೆ ಎರಡೂ ಅರೆಬರೆಯಾಗುವ ಅಪಾಯವಿದೆ. ಕಥೆಗಳನ್ನು ಇಂಗ್ಲಿಷಿನಲ್ಲಿಯೇ ಮುಗಿಸಲಿ. ವೆಲ್ಷ್ ಭಾಷೆಯನ್ನು ಉದ್ಯೋಗದ ದೃಷ್ಟಿಯಿಂದ ನೋಡಲಿ, ಏಕೆಂದರೆ ಸಂಬಳ ಇರುವುದು ಅಲ್ಲಿ.

ಅನುವಾದಕಿ:

ನ್ಯೂಪೋರ್ಟ್‌ನವರ ಎರಡನೆಯ ಮಾತನ್ನು ನಾನು ಒಪ್ಪುತ್ತೇನೆ, ನಾನು ಬದುಕುತ್ತಿರುವುದೇ ಆ ಕೆಲಸದಿಂದ. ವೇಲ್ಸ್‌ನಲ್ಲಿ ಬರವಣಿಗೆಯ ಕೌಶಲಕ್ಕೆ ಸ್ಥಿರವಾದ ಸಂಬಳ ಸಿಗುವ ಪ್ರಮುಖ ಕ್ಷೇತ್ರ ಅನುವಾದ. 2011ರ ಕಾಯ್ದೆ ವೆಲ್ಷ್‌ಗೆ ಅಧಿಕೃತ ಸ್ಥಾನಮಾನ ಕೊಟ್ಟಿತು, ಅದರ ಅಡಿಯಲ್ಲಿ ರೂಪುಗೊಂಡ ಭಾಷಾ ಮಾನದಂಡಗಳು 2016ರಿಂದ ಹಂತಹಂತವಾಗಿ ಜಾರಿಗೆ ಬಂದವು. ಹೀಗೆ ಸ್ಥಳೀಯ ಆಡಳಿತಗಳು, ಆರೋಗ್ಯ ಮಂಡಳಿಗಳು, ವಿಶ್ವವಿದ್ಯಾಲಯಗಳು ತಮ್ಮ ಪತ್ರ, ಫಲಕ, ವರದಿ, ಜಾಲತಾಣಗಳನ್ನು ಎರಡೂ ಭಾಷೆಗಳಲ್ಲಿ ಒದಗಿಸಬೇಕಾದ ಕಟ್ಟುಪಾಡಿಗೆ ಒಳಪಟ್ಟಿವೆ. ಇಷ್ಟೆಲ್ಲ ಬರೆಯುವವರು ಬೇಕಲ್ಲವೇ? 1976ರಲ್ಲಿ ಆರಂಭವಾದ ವೇಲ್ಸ್ ಅನುವಾದಕರ ಸಂಘ ಪರೀಕ್ಷೆ ನಡೆಸಿ ಸದಸ್ಯತ್ವ ಕೊಡುತ್ತದೆ, ವೆಲ್ಷ್‌ಗೆ ಅನುವಾದಿಸುವುದಕ್ಕೂ ವೆಲ್ಷ್‌ನಿಂದ ಇಂಗ್ಲಿಷಿಗೆ ತರುವುದಕ್ಕೂ ಪ್ರತ್ಯೇಕವಾಗಿ. ನಿಮ್ಮ ಇಂಗ್ಲಿಷ್ ಚೆನ್ನಾಗಿರುವುದರಿಂದ ಎರಡನೆಯ ದಿಕ್ಕು ನಿಮಗೆ ಮೊದಲು ದಕ್ಕಬಹುದು.

ಆದರೆ ಪ್ರಾಮಾಣಿಕವಾಗಿ ಹೇಳಬೇಕಾದದ್ದೊಂದಿದೆ. ಮಧ್ಯಮ ಹಂತ ಇದಕ್ಕೆ ಸಾಲದು. ಅದರ ಮುಂದಿನ ಎರಡು ಹಂತಗಳನ್ನು ದಾಟಿ, ವರದಿಗಳನ್ನು ಸರಾಗವಾಗಿ ಓದುವಂತಾಗಬೇಕು. ಅಲ್ಲದೆ ಯಂತ್ರಾನುವಾದ ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಗಿದೆ. ಕಂಪ್ಯೂಟರ್ ಹಾಕಿಕೊಟ್ಟ ಕರಡನ್ನು ತಿದ್ದುವುದರಲ್ಲಿ ನನ್ನ ದಿನದ ಹೆಚ್ಚು ಹೊತ್ತು ಕಳೆಯುತ್ತದೆ, ದರಗಳ ಮೇಲೂ ಅದರ ಒತ್ತಡವಿದೆ. ಕಳೆದ ವರ್ಷ ಒಂದು ಏಜೆನ್ಸಿ ತಿದ್ದುವ ಕೆಲಸಕ್ಕೆ ಅನುವಾದದ ಅರ್ಧ ದರವನ್ನೂ ಕೊಡಲು ಒಪ್ಪದಿದ್ದಾಗ ನಾನು ಆ ಕೆಲಸವನ್ನು ಬಿಟ್ಟೆ.

ಉದ್ಯೋಗಗಳನ್ನು ಎಲ್ಲಿ ನೋಡಬೇಕೆಂದರೆ, ವೆಲ್ಷ್ ಬಲ್ಲವರಿಗಾಗಿಯೇ ಇರುವ ಸ್ವಿದ್ಲೆ ಜಾಲತಾಣ, ಗೋಲುಗ್360 ಸುದ್ದಿತಾಣದ ಉದ್ಯೋಗ ಪುಟ, ಮತ್ತು ಕಲಾಕ್ಷೇತ್ರದ ಹುದ್ದೆಗಳಿಗೆ ಆರ್ಟ್ಸ್ ಕೌನ್ಸಿಲ್ ಆಫ್ ವೇಲ್ಸ್ ತನ್ನ ಜಾಲತಾಣದಲ್ಲಿ ಪ್ರಕಟಿಸುವ ಪಟ್ಟಿ. ಜಾಹೀರಾತಿನಲ್ಲಿ ‘ವೆಲ್ಷ್ ಅತ್ಯಗತ್ಯ’ ಎಂದಿದೆಯೋ ‘ವೆಲ್ಷ್ ಅಪೇಕ್ಷಣೀಯ’ ಎಂದಿದೆಯೋ ಗಮನಿಸಿ. ಎರಡನೆಯದಾಗಿದ್ದರೆ ನಿಮ್ಮ ಮಟ್ಟದವರು ಧೈರ್ಯವಾಗಿ ಅರ್ಜಿ ಹಾಕಬಹುದು. ನೀವು ಈಗಾಗಲೇ ಆಸ್ಪತ್ರೆಯಲ್ಲಿದ್ದೀರಿ; ರೋಗಿಗಳಿಗಾಗಿ ಮಾಹಿತಿಪತ್ರಗಳನ್ನು ಸಿದ್ಧಪಡಿಸುವ ವಿಭಾಗ ನಿಮ್ಮ ಆರೋಗ್ಯ ಮಂಡಳಿಯಲ್ಲಿಯೂ ಇರುತ್ತದೆ. ವೈದ್ಯಕೀಯ ತಿಳಿವಳಿಕೆ, ಸ್ಪಷ್ಟ ಇಂಗ್ಲಿಷ್, ಕಲಿಯುತ್ತಿರುವ ವೆಲ್ಷ್ ಮೂರೂ ಒಬ್ಬರಲ್ಲಿಯೇ ಸಿಗುವುದು ಅಪರೂಪ. ಹೊರಗೆ ಹುಡುಕುವ ಮೊದಲು ಅಲ್ಲಿ ವಿಚಾರಿಸಿ.

ವೆಲ್ಷ್ ಅಧ್ಯಾಪಕ:

ಅನುವಾದಕಿಯವರು ಹೇಳಿದ ಹಂತಗಳ ತರಗತಿಗಳನ್ನು ನ್ಯಾಷನಲ್ ಸೆಂಟರ್ ಫಾರ್ ಲರ್ನಿಂಗ್ ವೆಲ್ಷ್ ನಡೆಸುತ್ತದೆ, ಆನ್‌ಲೈನಿನಲ್ಲಿಯೂ ಇವೆ. ಲೀನ್ ಪರ್ಯಾಯದ್ವೀಪದ ನಾಂಟ್ ಗುರ್ಥೈರ್ನ್‌ನಲ್ಲಿ ವಾರಪೂರ್ತಿ ಇದ್ದು ಕಲಿಯುವ ವ್ಯವಸ್ಥೆಯಿದೆ. ಕಲ್ಲುಗಣಿ ಮುಚ್ಚಿ ಪಾಳುಬಿದ್ದಿದ್ದ ಹಳ್ಳಿಯೊಂದನ್ನು ಭಾಷಾಕೇಂದ್ರವಾಗಿ ಎಬ್ಬಿಸಿ ನಿಲ್ಲಿಸಿದ ಜಾಗ ಅದು.

ನ್ಯೂಪೋರ್ಟ್‌ನವರ ಆತಂಕಕ್ಕೆ ಒಂದು ಉತ್ತರ: ಕಲಿಯುವವರಿಗಾಗಿ ಹಂತಹಂತವಾಗಿ ಬರೆದ ‘ಅಮ್‌ಡಾನಿ’ ಪುಸ್ತಕಮಾಲೆ 2018ರಿಂದ ಬರುತ್ತಿದೆ. ಮೊದಲು ಅವುಗಳನ್ನು ಓದಲಿ. ಓದುವುದರಿಂದ ಇಂಗ್ಲಿಷ್ ಕಥೆಗಳಿಗೆ ಯಾವ ನಷ್ಟವೂ ಇಲ್ಲ.

ನಾಟಕದ ಹುಡುಗ, ಸ್ವಾನ್ಸಿ:

ಅಕ್ಕ, ದೃಶ್ಯಮಾಧ್ಯಮದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ತಿಳಿದಷ್ಟು ಹೇಳುತ್ತೇನೆ. ವೆಲ್ಷ್ ಭಾಷೆಯ ದೂರದರ್ಶನ ವಾಹಿನಿ ಎಸ್ ಫೋರ್ ಸಿ 1982ರ ನವೆಂಬರ್ 1ರಂದು ಆರಂಭವಾಯಿತು. ಬಿಬಿಸಿ ತಯಾರಿಸುವ ದೈನಂದಿನ ಬದುಕಿನ ಧಾರಾವಾಹಿ ‘ಪೊಬೊಲ್ ಅ ಕುಮ್’ ಅದಕ್ಕಿಂತಲೂ ಹಳೆಯದು, 1974ರಿಂದ ನಡೆಯುತ್ತಿದೆ. ಇಂತಹ ದೀರ್ಘ ಧಾರಾವಾಹಿಗಳೇ ಇಲ್ಲಿನ ಬಹಳಷ್ಟು ಲೇಖಕರಿಗೆ ಮೊದಲು ಸಂಬಳ ಕೊಟ್ಟವು. ಕಥೆಯ ಎಳೆಗಳನ್ನು ಹೆಣೆಯುವವರು, ಕಂತು ಬರೆಯುವವರು, ಸಂಪಾದಿಸುವವರು, ಉಪಶೀರ್ಷಿಕೆ ಬರೆಯುವವರು ಎಲ್ಲರೂ ಬೇಕು. ಹೊಸಬರಿಗೆ ‘ಇಟ್ಸ್ ಮೈ ಶೌಟ್’ ಎಂಬ ತರಬೇತಿ ಯೋಜನೆ ಕಿರುಚಿತ್ರಗಳ ಮೂಲಕ ದಾರಿ ಮಾಡಿಕೊಡುತ್ತದೆ, ಬಿಬಿಸಿ ರೈಟರ್ಸ್ ವಿಭಾಗ ಚಿತ್ರಕಥೆಗಳಿಗೆ ಮುಕ್ತ ಆಹ್ವಾನ ಕೊಡುತ್ತದೆ.

ರಂಗಭೂಮಿಯ ಸ್ಥಿತಿ ಮಾತ್ರ ಸುಲಭದ್ದಲ್ಲ. ಸಾರ್ವಜನಿಕ ಅನುದಾನ ನಿಂತ ಮೇಲೆ ನ್ಯಾಷನಲ್ ಥಿಯೇಟರ್ ವೇಲ್ಸ್ 2024ರ ಕೊನೆಗೆ ಮುಚ್ಚಿತು. ಮರುವರ್ಷದ ಆರಂಭದಲ್ಲಿ ನಟ ಮೈಕಲ್ ಶೀನ್ ಅವರು ವೆಲ್ಷ್ ನ್ಯಾಷನಲ್ ಥಿಯೇಟರ್ ಎಂಬ ಹೊಸ ತಂಡವನ್ನು ಘೋಷಿಸಿದರು. ಕಾರ್ಡಿಫ್‌ನಲ್ಲಿರುವ ನಿಮಗೆ ಶೆರ್ಮನ್ ರಂಗಮಂದಿರ ಹತ್ತಿರ. ಎರಡೂ ಭಾಷೆಗಳ ಹೊಸ ನಾಟಕಗಳಿಗೆ ಅವರು ಕೊಡುವ ಬೆಂಬಲ ದೊಡ್ಡದು. ನಿಮ್ಮ ಕಥೆಗಳಲ್ಲಿ ಸಂಭಾಷಣೆ ಹೆಚ್ಚಿದ್ದರೆ ಒಂದನ್ನಾದರೂ ರಂಗರೂಪಕ್ಕೆ ತಂದು ನೋಡಿ.

ನ್ಯೂಪೋರ್ಟ್ ಕನ್ನಡಿಗ:

ಸಂಬಳ, ಸಂಭಾವನೆಗಳ ಮಾತು ಬಂದಿರುವುದರಿಂದ ನಮ್ಮಂತಹ ವಲಸಿಗರು ಮರೆಯಬಾರದ ಒಂದು ವಿಷಯ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರಿಗೆ ಮುಖ್ಯ ಉದ್ಯೋಗದ ಹೊರಗಿನ ಕೆಲಸಕ್ಕೆ ಕಟ್ಟುನಿಟ್ಟಿನ ಮಿತಿಗಳಿವೆ. ಅವರ ಅವಲಂಬಿತರಾಗಿ ಬಂದ ಪತಿ ಅಥವಾ ಪತ್ನಿಗೆ ಸ್ವತಂತ್ರ ವೃತ್ತಿ ನಡೆಸಲು ಅವಕಾಶವಿದೆ. ಕಾರ್ಯಾಗಾರ ನಡೆಸಿ ಶುಲ್ಕ ಪಡೆಯುವ ಮೊದಲು, ಬಿಡಿ ಅನುವಾದ ಒಪ್ಪಿಕೊಳ್ಳುವ ಮೊದಲು ಪರವಾನಗಿ ಪಡೆದ ವಲಸೆ ಸಲಹೆಗಾರರನ್ನು ಕೇಳಿ. ಕಾಯಂ ನೆಲೆಸುವ ಹಕ್ಕು ಸಿಕ್ಕಿದ್ದರೆ ಈ ತೊಡಕಿಲ್ಲ. ತೆರಿಗೆಯ ವಿಷಯದಲ್ಲಿ, ಸ್ವತಂತ್ರ ವೃತ್ತಿಯಿಂದ ಬಂದ ಒಟ್ಟು ಆದಾಯ ವರ್ಷಕ್ಕೆ 1,000 ಪೌಂಡ್ ಒಳಗಿದ್ದರೆ ಸಾಮಾನ್ಯವಾಗಿ ವಿನಾಯಿತಿ ಇದೆ.

ಧಾರವಾಡದ ಅನುವಾದಕ:

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ವೆಲ್ಷ್ ಸಾಹಿತ್ಯವನ್ನು ಕನ್ನಡಕ್ಕೆ ತರಲು ಬಯಸುವ ನಮ್ಮ ಪ್ರಕಾಶಕರಿಗೆ ಅಲ್ಲಿಂದ ಯಾವುದಾದರೂ ನೆರವು ಸಿಗುತ್ತದೆಯೇ?

ಅಬೆರಿಸ್ಟ್ವಿತ್ ಓದುಗಿ:

ಸಿಗುತ್ತದೆ ಸರ್. ಅಬೆರಿಸ್ಟ್ವಿತ್‌ನಲ್ಲಿರುವ ವೇಲ್ಸ್ ಲಿಟರೇಚರ್ ಎಕ್ಸ್‌ಚೇಂಜ್ ಸಂಸ್ಥೆ ವೇಲ್ಸ್‌ನ ಕೃತಿಗಳನ್ನು ಬೇರೆ ಭಾಷೆಗಳಿಗೆ ತರುವ ವಿದೇಶಿ ಪ್ರಕಾಶಕರಿಗೆ ಅನುವಾದದ ವೆಚ್ಚಕ್ಕಾಗಿ ಅನುದಾನ ಕೊಡುತ್ತದೆ. ಅರ್ಜಿ ಹಾಕಬೇಕಾದವರು ಪ್ರಕಾಶಕರು, ಅನುವಾದಕರಲ್ಲ. ಆದ್ದರಿಂದ ಮೊದಲು ಪ್ರಕಾಶಕರನ್ನು ಒಪ್ಪಿಸಬೇಕು, ಮೂಲಕೃತಿಯ ಹಕ್ಕುಗಳ ಬಗ್ಗೆ ಇಲ್ಲಿನ ಪ್ರಕಾಶನದೊಂದಿಗೆ ಮಾತು ಮುಗಿಸಬೇಕು. ವೇಲ್ಸ್ ಸರ್ಕಾರ 2024ನ್ನು ‘ವೇಲ್ಸ್ ಇನ್ ಇಂಡಿಯಾ’ ವರ್ಷವಾಗಿ ಆಚರಿಸಿತು. ಆ ನಂಟು ಪುಸ್ತಕಗಳಿಗೂ ಹರಿಯಬೇಕೆಂಬುದು ನನ್ನ ಬಯಕೆ. ಇಂಗ್ಲಿಷ್ ಅನುವಾದದ ಮೂಲಕ ಅಲ್ಲದೆ ವೆಲ್ಷ್‌ನಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ಬೆಳೆಯಬೇಕು. ಕಾರ್ಡಿಫ್‌ನವರು ಮುಂದೊಂದು ದಿನ ಆ ಕೆಲಸ ಮಾಡಬಹುದು.

ಕಾರ್ಡಿಫ್ ನಿವಾಸಿ:

ಇಷ್ಟು ವಿವರವಾಗಿ, ಇಷ್ಟು ಕಾಳಜಿಯಿಂದ ಉತ್ತರಿಸಿದ ಎಲ್ಲರಿಗೂ ನಾನು ಋಣಿ. ವೆಚ್ಚದ ಪಾಲು ಕೇಳಿದ ಸಂಸ್ಥೆಗೆ ನಿರಾಕರಣೆಯ ಪತ್ರ ಕಳುಹಿಸಿದ್ದೇನೆ. ಒಂದು ಕಥೆಯನ್ನು ರೀಸ್ ಡೇವಿಸ್ ಸ್ಪರ್ಧೆಗೆಂದು ತಿದ್ದುತ್ತಿದ್ದೇನೆ, ಇನ್ನೊಂದನ್ನು ನಿಯತಕಾಲಿಕಕ್ಕೆ ಕಳುಹಿಸಬೇಕೆಂದಿದ್ದೇನೆ. ನಮ್ಮ ಬೀದಿಯ ಬಗ್ಗೆ ಡಿನೆಸಿದ್‌ಗೆ ಅರ್ಧ ಪುಟ ಬರೆಯಲು ನನ್ನ ತರಗತಿಯ ಶಿಕ್ಷಕಿ ನೆರವಾಗುವುದಾಗಿ ಹೇಳಿದ್ದಾರೆ. ಕಳುಹಿಸುವಾಗ ಜೊತೆಗಿಡುವ ಪತ್ರದಲ್ಲಿ ಏನು ಬರೆಯಬೇಕೆಂದು ಯಾರಾದರೂ ತಿಳಿಸುವಿರಾ?

ಪುಸ್ತಕ ವ್ಯಾಪಾರಿ:

ಒಂದು ಪುಟ ಮೀರಬೇಡಿ. ಮೊದಲ ಸಾಲಿನಲ್ಲಿಯೇ ಕಥೆಯ ಶೀರ್ಷಿಕೆ ಮತ್ತು ಪದಸಂಖ್ಯೆ ಇರಲಿ, ಎರಡು ಸಾಲಿನಲ್ಲಿ ಕಥೆ ಏನೆಂದು ಹೇಳಿ, ಆಮೇಲೆ ನೀವು ಕಾರ್ಡಿಫ್‌ನಲ್ಲಿ ವಾಸಿಸುವವರು, ಕನ್ನಡ ನಿಮ್ಮ ಮಾತೃಭಾಷೆ, ವೆಲ್ಷ್ ಕಲಿಯುತ್ತಿದ್ದೀರಿ ಎಂಬುದನ್ನು ಬರೆಯಿರಿ. ಇಷ್ಟನ್ನು ಮುಚ್ಚಿಡಲೂ ಬೇಡಿ, ಹಿಗ್ಗಿಸಲೂ ಬೇಡಿ. ಆ ನಿಯತಕಾಲಿಕದ ಇತ್ತೀಚಿನ ಸಂಚಿಕೆಯನ್ನು ಓದಿ, ನಿಮಗೆ ಹಿಡಿಸಿದ ಒಂದು ಬರಹವನ್ನು ಹೆಸರಿಸಿ. ಅದೇ ಕಥೆಯನ್ನು ಬೇರೆಡೆಗೂ ಕಳುಹಿಸಿದ್ದರೆ ಮರೆಮಾಚದೆ ತಿಳಿಸಿ. ಸ್ಪರ್ಧೆಯ ಪ್ರತಿಯಲ್ಲಿ ಮಾತ್ರ, ನಿಯಮಗಳು ಹೆಸರು ಇರಕೂಡದೆಂದು ಹೇಳಿದ್ದರೆ, ಪುಟಗಳ ಅಂಚಿನಿಂದಷ್ಟೇ ಅಲ್ಲ, ಕಂಪ್ಯೂಟರ್ ಕಡತದ ಹೆಸರಿನಿಂದಲೂ ನಿಮ್ಮ ಹೆಸರನ್ನು ತೆಗೆದುಹಾಕಿ. ಒಳ್ಳೆಯ ಕಥೆಗಳು ಈ ಒಂದು ಕಾರಣಕ್ಕೆ ಪಕ್ಕಕ್ಕೆ ಸರಿಯುವುದುಂಟು.